ಬೆನ್ನಿನ ಚಿತ್ರಗಳು

"ನಿಮ್ಮ ಬುಕ್ಕಿನ್ಯಾಗ ನನ್ನ ಮಗ ಬೀರಣ್ಣ ಅದಾನಲ್ರಿ, ರಾಯರ? ಆ ಫೋಟೋ ಕೊಡ್ರಿ. ಊರು ಬಿಟ್ಟು ಓಡಿದವ್ರು ಸೊಲ್ಲಾಪುರದ ಕ್ಯಾಂಪಿನ್ಯಾಗ ಅದಾರಂತ. ತೋರಿಸಿ ಕೇಳ್ತೇನಿ." ಗಲಭೆಯಲ್ಲಿ ಊರಿಗೆ ಬೆಂಕಿ ಬಿದ್ದ ದಿನ ಕಾಣೆಯಾದ ಕುರಿಗಾಹಿಯ ತಾಯಿ ನಿಂಬೆವ್ವ ಹೊಸ್ತಿಲಲ್ಲೇ ನಿಂತಿದ್ದಳು.

ಸಿನಿಮಾ ತೆಗೆಯುವ ವಿಠ್ಠಲರಾಯರು ದಪ್ಪನೆಯ ಪುಸ್ತಕ ತಂದು ಅವಳ ಮುಂದೆ ತೆರೆದರು. ಮುಂದಿನ ಚಿತ್ರಕ್ಕೆಂದು ಅಫಜಲಪುರದ ಸುತ್ತ ತಿರುಗಿ ತೆಗೆದ ಫೋಟೋಗಳನ್ನು ಅದರಲ್ಲಿ ಅಂಟಿಸಿದ್ದರು. ಕೊಡ ಹೊತ್ತ ಹೆಂಗಸರು, ರುಮಾಲಿನ ಗಂಡಸರು, ಎಲ್ಲರೂ ಬೆನ್ನು ತಿರುಗಿಸಿದವರೇ. ಮುಖ ನಟಿಸುತ್ತದೆ, ಬೆನ್ನಿಗೆ ನಟನೆ ಬರುವುದಿಲ್ಲ ಎಂದು ಅವರು ಹೇಳಿದಾಗ ಪುಣೆಯ ಸ್ಟುಡಿಯೋದಲ್ಲಿ ಎಲ್ಲರೂ ತಲೆದೂಗಿದ್ದರು.

ಸೊನ್ನದ ಹೊಳೆದಂಡೆಯ ಪುಟದಲ್ಲಿ ಬೀರಣ್ಣನಿದ್ದ. ಹೆಗಲ ಮೇಲೆ ಕಂಬಳಿ, ಮುಂದೆ ಕುರಿಗಳು. ಅಂದು ಅವನು ನಗುತ್ತ ಕ್ಯಾಮೆರಾದತ್ತ ತಿರುಗಿದ್ದ. "ಲೇ, ಆ ಕಡೆ ನೋಡಲೇ" ಎಂದು ಗದರಿಸಿದ್ದವರು ರಾಯರೇ.

"ಇವನ ಕಂಬಳಿನ ಐತ್ರಿ. ನಾನ ನೂಲು ತೆಗದೇನಿ," ಎಂದಳು ನಿಂಬೆವ್ವ. ಆಮೇಲೆ ಫೋಟೋದ ಅಂಚಿಗೆ ಉಗುರು ಹಾಕಿ, ಹರಿಯದಂತೆ ಮೆಲ್ಲಗೆ ಎಬ್ಬಿಸಿ, ಮಗುಚಿ ನೋಡಿದಳು. ಹಿಂದೆ ಒಣಗಿದ ಗೋಂದು ಮಾತ್ರ ಇತ್ತು.

"ಇವನ ಮಾರಿ ಯಾವ ಹಾಳ್ಯಾಗ ಐತ್ರಿ, ರಾಯರ?"