ಹಿಡಿದ ಹಗ್ಗ

ಅರ್ಧ ಕಡಿದ ಹುಣಸೆ ಕೊಂಬೆ ಲಟಕ್ಕನೆ ಸೀಳಿ ತಿರುಗಿ, ಮರದ ಮೇಲಿದ್ದ ಬಾಷಾ ಸಾಬನ ಎದೆಯನ್ನು ಬೊಡ್ಡೆಗೆ ಅದುಮಿಬಿಟ್ಟಿತು. ಕೊಂಬೆಗೆ ಕಟ್ಟಿದ ಹಗ್ಗ ಕೆಳಗೆ ಅವನ ಹೆಂಡತಿ ಶಹರ್ಬಾನುವಿನ ಕೈಯಲ್ಲಿತ್ತು. ಸಿರಾ ಸೀಮೆಯಲ್ಲೆಲ್ಲ ಮರ ಸವರುವ ಕೆಲಸಕ್ಕೆ ಅವರಿಬ್ಬರೇ ಹೋಗುತ್ತಿದ್ದರು; ಅವನು ಹತ್ತುವುದು, ಅವಳು ಹಗ್ಗ ಹಿಡಿಯುವುದು. ಈಗ ಹಗ್ಗ ಬಿಟ್ಟರೆ ಗಂಡನ ಎದೆಯ ಮೇಲಿನ ಒತ್ತು ಬಿಡುತ್ತದೆ, ಆದರೆ ಕೊಂಬೆ ಕೆಳಗಿನ ಮನೆಯ ಮೇಲೆ ಬೀಳುತ್ತದೆ.

“ಬುಡಬ್ಯಾಡ ಕಣಮ್ಮ, ನಮ್ಮವ್ವ ಒಳಗೈತೆ!” ಎಂದು ಮನೆಯ ಯಜಮಾನ ದೊಡ್ಡರಂಗಪ್ಪ ಒಳಗೆ ಓಡಿದ. ಕಾಲು ಬಿದ್ದುಹೋದ ಮುದುಕಿಯನ್ನು ಆಚೆ ಕೂರಿಸಿ ಎಂದು ಬಾಷಾ ಬೆಳಿಗ್ಗೆಯೇ ಹೇಳಿದ್ದ. “ಏನೂ ಆಗಾಕಿಲ್ಲ ಬುಡಿ ಸಾಬ್ರೇ” ಎಂದು ದೊಡ್ಡರಂಗಪ್ಪನೇ ನಕ್ಕಿದ್ದ.

“ಏನ್ರೀ, ಬುಟ್ಬುಡ್ಲಾ?” ಶಹರ್ಬಾನು ಅಳುತ್ತ ಕೂಗಿದಳು.

“ಹಿಡ್ಕೊಂಡಿರು. ಮುದುಕಿ ಆಚೆ ಬರ್ಲಿ,” ಎಂದ ಬಾಷಾ. ಆಮೇಲೆ ಅವನು ಮಾತಾಡಲಿಲ್ಲ. ಅಂಗೈ ಸುಲಿದು ಹಗ್ಗ ಕೆಂಪಾದರೂ ಅವಳು ಬಿಡಲಿಲ್ಲ.

ದೊಡ್ಡರಂಗಪ್ಪ ತಾಯಿಯನ್ನು ಹೊತ್ತು ಅಂಗಳ ದಾಟಿದ. ಶಹರ್ಬಾನು ಹಗ್ಗ ಬಿಟ್ಟಳು. ಕೊಂಬೆ ಬಿದ್ದು ಮನೆಯ ಹೆಂಚೆಲ್ಲ ಪುಡಿಯಾಯಿತು. ಬಾಷಾ ಸೊಂಟಕ್ಕೆ ಕಟ್ಟಿಕೊಂಡಿದ್ದ ಹಗ್ಗದಲ್ಲಿ ಜೋತುಬಿದ್ದ. ಜನ ಎಷ್ಟು ಕೂಗಿದರೂ ಓಗೊಡಲಿಲ್ಲ. ಅವನನ್ನು ಇಳಿಸಲು ದೊಡ್ಡರಂಗಪ್ಪ ಮರದ ಬುಡಕ್ಕೆ ಓಡಿಬಂದ.

“ನೀವು ಮುಟ್ಟಬ್ಯಾಡಿ,” ಎಂದಳು ಶಹರ್ಬಾನು. ಸೆರಗು ಸಿಕ್ಕಿಸಿಕೊಂಡು, ರಕ್ತದ ಕೈಗಳಲ್ಲೇ ಬೊಡ್ಡೆಯನ್ನು ತಬ್ಬಿ ತಾನೇ ಹತ್ತತೊಡಗಿದಳು.