ಅಜನಿಯ ಹಕ್ಕರಿಕಿ

ಇವತ್ತೂ ಯಾರೋ ಮೊದಲೇ ಹಕ್ಕರಿಕಿ ಸೊಪ್ಪು ಕಿತ್ತುಕೊಂಡು ಹೋಗಿದ್ದರು. ಮುರಿದ ಬುಡಗಳಲ್ಲಿ ಹಾಲು ಇನ್ನೂ ಒಸರುತ್ತಿತ್ತು. ಚಂದ್ರಮ್ಮ ಖಾಲಿ ಬುಟ್ಟಿ ಹಿಡಿದು ಸುತ್ತ ನೋಡಿದಳು. ಎಂಜಿನ್ನಿಗೆ ನೀರು ತುಂಬುವ ಕಂಬ, ಹಳಿ, ಮಂಜು. ನರಪಿಳ್ಳೆ ಇಲ್ಲ.

ನಾಗಪುರದ ಅಜನಿ ಕ್ವಾರ್ಟರ್ಸಿಗೆ ಅವಳು ಬಂದು ಎರಡೇ ತಿಂಗಳು. ಗಂಡ ಗುರುಸಿದ್ದಪ್ಪ ಇಲ್ಲಿ ರೈಲ್ವೆ ಗುಮಾಸ್ತ. ಮದುವೆಯಾದ ಆರು ವರ್ಷ ಅವಳು ನರಗುಂದದಲ್ಲಿ ಅತ್ತೆಯ ಜೊತೆ. ಅಂತೂ ಗಂಡನ ಮನೆ ಸೇರಿದಳು ಎನ್ನುವಷ್ಟರಲ್ಲಿ, ಜೊತೆಗೆ ಬಂದಿದ್ದ ಅತ್ತೆ ಮಹಾದೇವಮ್ಮ ಹಾಸಿಗೆ ಹಿಡಿದರು. ಊಟ ಬಿಟ್ಟರು. ಬೇಕಾದದ್ದು ಒಂದೇ, ಹಸಿ ಹಕ್ಕರಿಕಿ. ಚಳಿಗಾಲದಲ್ಲಿ ಜೋಳದ ಹೊಲದಲ್ಲಿ ತಾನಾಗಿ ಏಳುವ ಸೊಪ್ಪು. ಬೇಯಿಸುವಂತಿಲ್ಲ, ತೊಳೆದು ರೊಟ್ಟಿಯ ಜೊತೆ ಕಚ್ಚುವುದು.

“ಹಕ್ಕರಿಕಿ ಹುಟ್ಟದ ಮಣ್ಣು ನನಗ ಒಗ್ಗೂದಿಲ್ಲಪಾ. ಸೋಮವಾರದೊಳಗ ಸಿಕ್ಕರ ಇರತೀನಿ, ಇಲ್ಲಾಂದ್ರ ಊರಿಗೆ ಕಳಸು. ನೋಡ್ಕೊಳ್ಳಾಕ ಚಂದ್ರಿ ಬರಲಿ.”

ತಾಯಿಯ ಮಾತಿಗೆ ಮಗ ಇಬ್ಬರಿಗೂ ರೈಲಿನ ಪಾಸು ಬರೆಸಿಯೇಬಿಟ್ಟ. ಹೋದರೆ ಮತ್ತೆ ಆರು ವರ್ಷವೋ ಏನೋ.

ಚಂದ್ರಮ್ಮನಿಗೆ ಕಾಲು ನಿಲ್ಲಲಿಲ್ಲ. ದಿನಾ ಸಂಜೆ ಅಲೆದು ಹೊಸ ಜಾಗ ಹುಡುಕುವಳು. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದೆಂಬುದು ಅತ್ತೆಯದೇ ಕಟ್ಟಪ್ಪಣೆ. ಹಾಗಾಗಿ ಜಾಗದ ಗುರುತು ಹೇಳಿ ಅತ್ತೆಗೆ ಧೈರ್ಯ ತುಂಬುವಳು. ಬೆಳಗ್ಗೆ ನಲ್ಲಿಯ ಸಾಲಿನಲ್ಲಿ ಕೊಡ ತುಂಬಿಸಿಟ್ಟು ಹೋಗುವಷ್ಟರಲ್ಲಿ ನೆಲ ಬೋಳು. ನಾಲ್ಕು ದಿನ, ನಾಲ್ಕು ಜಾಗ.

ನೆರೆಯ ಲೀಲಾಬಾಯಿಯ ಮೇಕೆಯ ಮೇಲೆ ಅನುಮಾನವಾಯಿತು. ಬುಡ ಉಳಿಸಿ ತಿನ್ನುವಷ್ಟು ಮರ್ಯಾದೆ ತನ್ನ ಮೇಕೆಗಿಲ್ಲ ಎಂದು ಲೀಲಾಬಾಯಿ ಸಾಕ್ಷಿ ನುಡಿದಳು.

ಇತ್ತ ರೈಲ್ವೆ ಡಾಕ್ಟರು ಬಂದು, ಉಪವಾಸಕ್ಕೆ ಈ ನಾಡಿ ಭಾರಿ ಗಟ್ಟಿಯಾಯಿತು ಎಂದು ತಲೆ ಕೆರೆದುಕೊಂಡರು. ಅತ್ತೆಯ ಕೈ ಒರೆಸುವಾಗ ಬೆರಳ ತುದಿಗಳು ಕಪ್ಪಾಗಿದ್ದವು. ಬಳಲಿಕೆ, ಪಾಪ. ಚಂದ್ರಮ್ಮನಿಗೆ ಅಳು ಬಂತು.

ರವಿವಾರ ಅವಳು ಕೊಡ ಮುಟ್ಟಲಿಲ್ಲ. ನಸುಕಿನಲ್ಲೇ ಹೋಗಿ, ರಾತ್ರಿ ಅತ್ತೆಗೆ ಹೇಳಿದ್ದ ಕೊನೆಯ ಜಾಗದ ಹತ್ತಿರ ಕಲ್ಲಿದ್ದಲ ರಾಶಿಯ ಹಿಂದೆ ಅಡಗಿ ಕೂತಳು. ಸ್ವಲ್ಪ ಹೊತ್ತಿಗೆ ಮಂಜಿನೊಳಗೆ ಒಂದು ಮುಸುಕು ಬಂದು ಕುಕ್ಕರಿಸಿತು. ಪರಪರನೆ ಕೀಳತೊಡಗಿತು, ಚೀಲಕ್ಕಲ್ಲ, ನೇರ ಬಾಯಿಗೆ. ಚಂದ್ರಮ್ಮ ಹಿಂದಿನಿಂದ ಹೋಗಿ ಭುಜ ಹಿಡಿದಳು.

ಮಹಾದೇವಮ್ಮ ಬಾಯಲ್ಲಿದ್ದದ್ದನ್ನು ನುಂಗಿ, ಸೊಪ್ಪಿನ ಹಾಲು ಹತ್ತಿ ಕಪ್ಪಾದ ಕೈ ಚಾಚಿದರು. “ಬರೇ ತಪ್ಪಲಾ ತಿಂದು ಬಾಯಿ ಒಗರ ಆಗೇತಿ, ಚಂದ್ರಿ. ರೊಟ್ಟಿ ತಂದೀಯೇನ?”