ಅರಳೆ ತೋರಿಸಿದ ಗಾಳಿ

ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಕಾಲುಭಾಗ ದಾಟಿ ಮೇಲೇಳಲೇ ಇಲ್ಲ. ಕೃಷ್ಣೆಯ ಉಸುಕು ದಾಟಲೆಂದು ಜೀಪಿನ ನಾಲ್ಕೂ ಗಾಲಿಗಳ ಗಾಳಿ ಇಳಿಸಿದವನು ರಾಮಲಿಂಗಪ್ಪನೇ. ಮತ್ತೆ ಗಾಳಿ ತುಂಬಿಕೊಳ್ಳಲೆಂದು ಗುಜರಿ ಲಾರಿಯ ಕಂಪ್ರೆಸರನ್ನು ಬಾನೆಟ್ಟಿನೊಳಗೆ ಕೂರಿಸಿ, ಪವರ್‌ಲೂಮಿನ ಹಳೆಯ ಬೆಲ್ಟಿನಿಂದ ಎಂಜಿನ್ನಿಗೆ ಜೋಡಿಸಿದವನೂ ಅವನೇ. ಈಗ ಮುಂದೆ ಕಲ್ಲುದಾರಿ, ಗಾಳಿಯಿಲ್ಲದ ಗಾಲಿ ಸಾಗದು. ಜೀಪಿನಲ್ಲಿ ತಂಗಿಯ ಮಗಳ ಮದುವೆ ಸೀರೆ. ಮುಹೂರ್ತದ ಅಕ್ಕಿಕಾಳು ಬೀಳಲು ಎರಡೇ ತಾಸು.

"ಗಾಳಿ ಎಲ್ಲೋ ಸೋರಾಕತ್ತೈತಿ!" ಎಂದು ಹೆಂಡತಿ ಸಾವಕ್ಕನಿಗೆ ಕೂಗಿ ಹೇಳಿದ. ಬನಹಟ್ಟಿಯ ಮಗ್ಗಗಳ ಗದ್ದಲದಲ್ಲಿ ಇಪ್ಪತ್ತು ವರ್ಷ ದುಡಿದ ಇಬ್ಬರ ಕಿವಿಗೂ ಅಂಥ ಸಣ್ಣ ಸದ್ದು ಕೇಳುವಂತಿರಲಿಲ್ಲ.

"ಎಂಜಿನ್ ಬಂದ್ ಮಾಡ್ರಿ," ಎಂದಳು ಸಾವಕ್ಕ. ತುರುಬಿಗೆ ಅಂಟಿದ್ದ ಅರಳೆಯ ಎಳೆಯೊಂದನ್ನು ಬಿಡಿಸಿಕೊಂಡು, ಹೊಳೆಯ ಗಾಳಿ ತಾಗದಂತೆ ಸೆರಗು ಮರೆಮಾಡಿ, ಉಸಿರು ಬಿಗಿಹಿಡಿದು ಕಂಪ್ರೆಸರಿನ ಪೈಪಿನುದ್ದಕ್ಕೂ ಅದನ್ನು ಸರಿಸುತ್ತ ಬಂದಳು. ಗಾಳಿ ತುಂಬಿಟ್ಟುಕೊಳ್ಳುವ ಟಾಕಿಗೆ ಪೈಪು ಕೂಡುವಲ್ಲಿ ಅರಳೆ ನಡುಗಿತು. "ಇಲ್ಲೈತಿ ನೋಡ್ರಿ." ಸೊಂಟಕ್ಕೆ ಸಿಕ್ಕಿಸಿದ್ದ ನೂಲು ತೆಗೆದು ಅಲ್ಲಿಗೆ ಬಿಗಿಯಾಗಿ ಸುತ್ತಿ, ಹಲ್ಲಿನಿಂದ ಜಗ್ಗಿ, ಮಗ್ಗದಲ್ಲಿ ಕಡಿದ ಎಳೆಗೆ ಹಾಕುವ ಗಂಟನ್ನೇ ಹಾಕಿದಳು.

ರಾಮಲಿಂಗಪ್ಪ ಎಂಜಿನ್ ಚಾಲು ಮಾಡಿ, ಹಿಂದಿನ ಗಾಲಿಗೆ ಪೈಪು ಹಚ್ಚಿ, ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಸೆರಗಿನ ಮರೆಯಲ್ಲಿ ಅವಳು ಗಂಟಿನ ಮೇಲೆ ಹಿಡಿದ ಅರಳೆ ಅಲುಗಲಿಲ್ಲ. ಮಲಗಿದ ಎತ್ತು ಹಿಂಗಾಲೂರಿ ಏಳುವಂತೆ ಜೀಪು ಮೆಲ್ಲಗೆ ಮೇಲೆದ್ದಿತು. ಮೂರು ತಿಂಗಳಿಂದ ಊರಿಗೆಲ್ಲ ಆ ಯಂತ್ರ ತೋರಿಸಿ ಮೆರೆದವನು ಈಗ ಅದರತ್ತ ನೋಡಲೇ ಇಲ್ಲ. ಹೆಂಡತಿಯ ಬೆರಳ ತುದಿಯ ಅರಳೆಯನ್ನೇ ನೋಡುತ್ತಿದ್ದ, ತನ್ನ ಉಸಿರು ಅದಕ್ಕೆ ತಾಗೀತೆಂದು ಬಾಯಿಗೆ ಕೈ ಅಡ್ಡ ಹಿಡಿದು.